ಒಂದಾದ ಮೇಲೊಂದು ತಟ್ಟೆ

ಮುಂದೆ ಏನು ಬಡಿಸುತ್ತಾರೆಂದು ತಿಳಿಯದೆ ಉಣ್ಣಲು ನನಗೆ ಬರುವುದಿಲ್ಲ. ನಮ್ಮ ಬಾಳೆ ಎಲೆಯ ಊಟದಲ್ಲಿ ಈ ಸಂಕಟವಿಲ್ಲ. ಉಪ್ಪು, ಉಪ್ಪಿನಕಾಯಿ, ಕೋಸಂಬರಿ, ಪಲ್ಯ ಎಲ್ಲ ಕಣ್ಣೆದುರಿಗೇ ಇರುತ್ತವೆ. ಹೋಳಿಗೆ ಬರುವುದು ವಾಸನೆಯಿಂದಲೇ ಗೊತ್ತಾಗುವುದರಿಂದ ಹೊಟ್ಟೆಯಲ್ಲಿ ಅದಕ್ಕೊಂದು ಮೂಲೆ ಕಾದಿರಿಸಬಹುದು. ಏನಾದರೂ ತಪ್ಪಿಹೋದರೆ ಬಡಿಸುವವರನ್ನು ಕೂಗಿದರಾಯಿತು.

ಪುಣೆಯ ಕ್ಯಾಂಪ್ ಬಡಾವಣೆಯ ಒಂದು ಪಾಸ್ತಾ ಹೋಟೆಲಿನಲ್ಲಿ ಹಾಗಲ್ಲ. ಒಂದು ತಟ್ಟೆ ಮುಗಿದ ಮೇಲೆ ಅದನ್ನು ಒಯ್ದು ಇನ್ನೊಂದು ತರುತ್ತಾರೆ. ಒಯ್ದದ್ದು ಮರಳಿ ಬರುವುದಿಲ್ಲ. ಮಗಳು ವಿದ್ಯಾ ತನ್ನ ಮದುವೆಯಾದ ಎರಡು ತಿಂಗಳಿಗೆ ನಮ್ಮನ್ನು ಅಲ್ಲಿಗೆ ಕರೆದಿದ್ದಳು. ಅಳಿಯ ಕೆಲಸದ ಮೇಲೆ ಮುಂಬೈಗೆ ಹೋಗಿದ್ದ, ನನ್ನ ಹೆಂಡತಿಗೆ ಸೋಮವಾರದ ಉಪವಾಸ. ಉಳಿದವರು ನಾನು ಮತ್ತು ನನ್ನ ಅಕ್ಕ. ಮೊಟ್ಟೆ ಹಾಕದ್ದೇ ಬೇಕೆಂದು ವಿದ್ಯಾ ಮೊದಲೇ ಹೇಳಿಟ್ಟಿದ್ದಳು. ಸೂಪಿನ ಜೊತೆ ಬಂದ ಬ್ರೆಡ್ಡೇ ಊಟವೆಂದು ತಿಳಿದು ನಾನು ಬುಟ್ಟಿ ಖಾಲಿ ಮಾಡಿದೆ.

"ಅಪ್ಪಾ, ತಡೀರಿ, ಇನ್ನೂ ನಾಕ ತಾಟ ಬರೂದವ," ಎಂದು ವಿದ್ಯಾ ನಕ್ಕಳು.

ಅಕ್ಕ ನಗಲಿಲ್ಲ. ಅವಳ ಕಣ್ಣು ಅಡುಗೆಕಟ್ಟೆಯ ಮೇಲಿತ್ತು. ಅಲ್ಲಿ ಅರ್ಧ ಎತ್ತರದ ಗಾಜಿನಾಚೆ ಒಬ್ಬ ಹೆಂಗಸು ನಾದಿದ ಹಿಟ್ಟನ್ನು ಚೂರು ಮಾಡಿ, ಹಲಗೆಯ ಮೇಲೆ ಹೆಬ್ಬೆರಳಿನಿಂದ ಒತ್ತಿ ಎಳೆಯುತ್ತಿದ್ದಳು. ಒಂದೊಂದೂ ಕವಡೆಯಂತೆ ಸುರುಳಿಯಾಗಿ ಬೀಳುತ್ತಿತ್ತು.

ಇಟಲಿಯವರು ಒಪ್ಪಲಿ ಬಿಡಲಿ, ಇದು ನಮ್ಮ ಗವಲಿಯ ದಾಯಾದಿ. ನಮ್ಮ ಧಾರವಾಡದ ಕಡೆ ಮದುವೆಗೆ ಮುಂಚೆ ಮುತ್ತೈದೆಯರು ಒಟ್ಟಿಗೆ ಕೂತು, ರವೆಯ ಕಣಕವನ್ನು ಬೆರಳ ತುದಿಯಲ್ಲಿ ಹೊಸೆದು, ಸೌತೆಬೀಜದಷ್ಟು ಸಣ್ಣ ಗವಲಿ ಮಾಡಿ ಪಾಯಸಕ್ಕೆಂದು ಒಣಗಿಸುತ್ತಾರೆ. ಗವಲಿ ನೋಡಿಯೇ ಹೆಣ್ಣು ಒಪ್ಪುತ್ತಿದ್ದರೆಂದು ನಮ್ಮಜ್ಜಿ ಹೇಳುತ್ತಿದ್ದಳು. ಅಜ್ಜಿ ಹೇಳಿದ್ದರಲ್ಲಿ ಅರ್ಧ ಸುಳ್ಳು. ಆದರೆ ನಮ್ಮ ಓಣಿಯಲ್ಲಿ ಅಕ್ಕನಷ್ಟು ಸಣ್ಣಗೆ ಹೊಸೆಯುವವರು ಇರಲಿಲ್ಲವೆಂಬುದು ನಿಜ. ಭಾವ ತೀರಿಕೊಂಡು ಹನ್ನೊಂದು ವರ್ಷ. ಅಂದಿನಿಂದ ಮದುವೆಯ ಗವಲಿಗೆ ಅವಳನ್ನು ಯಾರೂ ಕರೆಯುವುದಿಲ್ಲ.

ವಿದ್ಯಾಳ ಮದುವೆಯ ಗವಲಿ ಪುಣೆಯ ಧನಕವಡಿಯ ನಮ್ಮ ಮನೆಯಲ್ಲೇ ಆಯಿತು. ವಿದ್ಯಾಳನ್ನು ಎತ್ತಿ ಆಡಿಸಿದವಳಲ್ಲವೇ, ಅಕ್ಕ ಎಲ್ಲರಿಗಿಂತ ಮೊದಲೇ ಕೈ ತೊಳೆದು ಬಂದು ಹಿಟ್ಟಿನ ಪರಾತದ ಮುಂದೆ ಕೂತಳು. ನೆರೆಮನೆಯ ಹಿರಿಯಾಕೆ ಮೆತ್ತಗೆ, "ನೀವ್ಯಾಕ ತ್ರಾಸ ತಗೋತೀರಿ? ಇವರು ಮಾಡ್ತಾರ ಬಿಡ್ರಿ," ಎಂದರು. ಅಕ್ಕ ಎದ್ದು ಒಳಗೆ ಹೋಗಿ ಎಲ್ಲರಿಗೂ ಚಹಾ ಮಾಡಿದಳು.

ನಾನು ಬಾಗಿಲಲ್ಲೇ ಪೇಪರ್ ಹಿಡಿದು ನಿಂತಿದ್ದೆ. ಕಾಲೇಜಿನಲ್ಲಿ ಮೂವತ್ತು ವರ್ಷ ಪಾಠ ಹೇಳಿದ ಬಾಯಿ ನನ್ನದು. ಒಂದು ಪುಟ ತಿರುವಿದೆ, ಅಷ್ಟೆ. ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಅಕ್ಕನಿಗೆ ಏನಾದರೂ ಹೇಳಬೇಕು, ಮದುವೆ ಮುಗಿಯಲಿ, ನೆಂಟರು ಹೋಗಲಿ ಎಂದುಕೊಂಡೆ. ನೆಂಟರು ಹೋಗಿ ಎರಡು ತಿಂಗಳಾಗಿತ್ತು.

ಹೋಟೆಲಿನಲ್ಲಿ ಅಕ್ಕ ಎದ್ದು ಗಾಜಿನ ಹತ್ತಿರ ಹೋದಳು. ಹಿಂದೆ ನಾನೂ ಹೋದೆ. ಆ ಹೆಂಗಸು ಮುಗುಳ್ನಕ್ಕು ಹಿಟ್ಟಿನ ಚೂರೊಂದನ್ನು ಮುಂದೆ ಹಿಡಿದು, "ಯಾ ಕೀ ಮಾವಶಿ, ಕರೂನ್ ಬಘಾ," ಎಂದು ಮಾಡಿ ನೋಡಲು ಕರೆದಳು.

ಅಕ್ಕನ ಕೈ ಮುಂದೆ ಬಂತು. ಮತ್ತೆ ಹಿಂದೆ ಸರಿದು ಸೆರಗಿನೊಳಗೆ ಸೇರಿತು.

"ಹೇ ಲಗ್ನಾಸಾಠೀ ನಾಹೀ ನಾ?" ಎಂದು ಕೇಳಿದಳು. ಇದು ಮದುವೆಗಲ್ಲವಲ್ಲ?

ಹಾಗೇಕೆ ಕೇಳಿದಳೆಂದು ಆ ಹೆಂಗಸಿಗೆ ತಿಳಿಯಲಿಲ್ಲ. "ನಾಹೀ ಹೋ, ಜೇವಣಾಸಾಠೀ," ಎಂದಳು. ಬರೀ ಊಟಕ್ಕೆ.

ಆಗ ಅಕ್ಕ ಹೊಸೆದಳು. ಆ ಹೆಂಗಸು ತನ್ನ ಕೆಲಸ ನಿಲ್ಲಿಸಿ ನೋಡುತ್ತ ನಿಂತಳು. ಅಲ್ಲಿ ನಿಲ್ಲಲಾಗದೆ ನಾನು ಬಂದು ಕೂತೆ.

ಸ್ವಲ್ಪ ಹೊತ್ತಿಗೆ ಅಕ್ಕ ಹೊಸೆದದ್ದೂ ಸೇರಿ ಬೆಂದು, ಟೊಮೆಟೊ ಸಾರಿನಲ್ಲಿ ಹೊರಳಿ ನಮ್ಮ ಟೇಬಲ್ಲಿಗೆ ಬಂತು. ವಿದ್ಯಾ ಫೋನೆಂದು ಹೊರಗೆ ಹೋಗಿದ್ದಳು. ನಾನು ಚಮಚೆ ಕೆಳಗಿಟ್ಟೆ.

"ಅಕ್ಕಾ, ಅವತ್ತ ನಾ ಮಾತಾಡಬೇಕಾಗಿತ್ತು."

ಯಾವತ್ತು ಎಂದು ಅವಳು ಕೇಳಲಿಲ್ಲ. "ಅವತ್ತಿಂದು ಅವತ್ತ ಹೇಳಬೇಕಿತ್ತು, ತಮ್ಮಾ. ಈಗ ಉಣ್ಣು, ಆರ್ತದ," ಎಂದಳು.

ಉಂಡೆ. ಕೊನೆಗೆ ಸಿಹಿಯೂ ಬಂತು. ಹೊಟ್ಟೆಯಲ್ಲಿ ಅದಕ್ಕೆ ಜಾಗವಿತ್ತು, ಮನಸ್ಸಿರಲಿಲ್ಲ.

ಅಂದಿನಿಂದ ಮುಂದಿನ ತಟ್ಟೆಗೆಂದು ಹೊಟ್ಟೆ ಕಾದಿರಿಸುವುದನ್ನು ಬಿಟ್ಟಿದ್ದೇನೆ. ಮಾತು ಕಾದಿರಿಸುವ ಚಟ ಮಾತ್ರ ಹೋಗಿಲ್ಲ. ವಿದ್ಯಾಳಿಗೆ ಇದನ್ನೆಲ್ಲ ಇನ್ನೂ ಹೇಳಿಲ್ಲ.