ಮೂರು ಬೆರಳುಗಳ ಸಮಾಧಿ

ಅವರ ಬಲಗೈಯಲ್ಲಿ ಇದ್ದದ್ದು ಎರಡೇ ಬೆರಳು, ಹೆಬ್ಬೆರಳು ಮತ್ತು ಕಿರುಬೆರಳು. ನಡುವಿನ ಮೂರನ್ನು ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರ ಹರೆಯದಲ್ಲೇ ಕಚ್ಚಿಕೊಂಡಿತ್ತು. ಆ ಕೈಯಿಂದಲೇ ಹಣೆಗೆ ಶಿಲುಬೆಯ ಗುರುತು ಹಾಕಿಕೊಳ್ಳುತ್ತಿದ್ದರು, ಆ ಕೈಯಿಂದಲೇ ನಮ್ಮ ಕಿವಿ ಹಿಂಡುತ್ತಿದ್ದರು. ಬೆರಳು ಎರಡಾದರೇನು, ಹಿಡಿತ ಮಾತ್ರ ಇಕ್ಕಳದ್ದು.

ಬಾಳೂರಿನ ಕಡೆಯ ನಮ್ಮ ಕಾಫಿ ಎಸ್ಟೇಟಿನ ಪುಟ್ಟ ಚರ್ಚಿಗೆ ಅವರು ಉಪದೇಶಿ. ಫಾದರ್ ತಿಂಗಳಿಗೆ ಎರಡು ಸಲ ಜೀಪಿನಲ್ಲಿ ಬಂದು ಪೂಜೆ ಮುಗಿಸಿ ಹೋಗುತ್ತಿದ್ದರು. ಉಳಿದ ದಿನ ಜಪಸರ, ಮಕ್ಕಳ ಪಾಠ, ಸತ್ತವರಿಗೆ ಗುಂಡಿ, ಎಲ್ಲ ಇವರದೇ. ಸತ್ತವರು ಶರೀರ ಸಮೇತ ಏಳುತ್ತಾರೆ ಎಂಬ ಪಾಠ ಬಂದಾಗ ನಮ್ಮನ್ನು ಸಮಾಧಿಗಳ ಹತ್ತಿರಕ್ಕೇ ಕರೆದೊಯ್ಯುತ್ತಿದ್ದರು. ಅಲ್ಲಿ ಅವರ ಹೆಂಡತಿಯ ಸಮಾಧಿ. ಪಕ್ಕದಲ್ಲಿ ಒಬ್ಬರಿಗಾಗುವಷ್ಟು ಖಾಲಿ ಜಾಗ, ಅದರ ತಲೆಯ ಕಡೆ ಗೇಣುದ್ದದ ಮರದ ಶಿಲುಬೆ. ಶಿಲುಬೆಯ ಕೆಳಗೆ ಬಿಸ್ಕತ್ತಿನ ಡಬ್ಬಿಯಲ್ಲಿ ಅವರ ಮೂರು ಬೆರಳು.

"ಕೊನೇ ದಿನ ದೇವರು ಎಬ್ಬಿಸಿದಾಗ ಹುಡುಕ್ತಾ ಕೂರೋಕಾಗ್ತದಾ? ಕೈಗೆ ಸಿಗೋ ಹಾಗೆ ಇಟ್ಕೊಂಡಿದ್ದೀನಿ" ಅನ್ನುತ್ತಿದ್ದರು.

ನಾವು ಕಿಸಕ್ಕೆಂದರೆ ಕಿವಿಗೆ ಇಕ್ಕಳ ಬೀಳುತ್ತಿತ್ತು. ಅವರಿಗೆ ಅದು ತಮಾಷೆಯಲ್ಲ. ಯಾರಾದರೂ ಆ ಜಾಗ ಕೇಳಿದರೆ "ಅದು ನಂದು" ಎಂದು ಮುಖ ತಿರುಗಿಸಿಬಿಡುತ್ತಿದ್ದರು.

ನನ್ನ ಮದುವೆ ಅದೇ ಎಸ್ಟೇಟಿನಲ್ಲಿ ಆಯಿತು. ತೊಂಬತ್ತರ ದಶಕದ ಒಂದು ಆಷಾಢದಲ್ಲಿ ಮೊದಲ ಮಗಳು ಹುಟ್ಟಿದಳು. ಉಸಿರಾಟ ಸರಿಯಿಲ್ಲವೆಂದು ಹೊರಟ ಜೀಪು ಮೂಡಿಗೆರೆಯ ಆಸ್ಪತ್ರೆ ಮುಟ್ಟುವ ಮೊದಲೇ ನನ್ನ ಮಡಿಲಲ್ಲಿ ತಣ್ಣಗಾದಳು. ಹೆಸರಿಲ್ಲ, ಫಾದರ್ ತಲೆಗೆ ನೀರು ಹೊಯ್ದು ಕೊಡುವ ಜ್ಞಾನಸ್ನಾನವೂ ಇಲ್ಲ. ಅಂಥ ಮಗುವನ್ನು ಸಮಾಧಿಗಳ ಬೇಲಿಯ ಹೊರಗೆ ಹೂಳುವುದು ನಮ್ಮಲ್ಲಿ ಹಳಬರ ರೂಢಿ. ಜೀಪು ತಿರುಗಿ ಚರ್ಚಿನ ಮುಂದೆ ನಿಂತಾಗ ನನ್ನ ಅತ್ತೆ ಅದನ್ನೇ ಹೇಳಿದರು. ಜಗಳಕ್ಕೆ ನನ್ನಲ್ಲಿ ತ್ರಾಣವಿರಲಿಲ್ಲ.

"ಬೇಲಿಯಾಚೆ ಮಲಗಿದವಳನ್ನ ಕೊನೇ ದಿನ ಯಾರು ಎಬ್ಬಿಸ್ತಾರೆ ಮಾಮ?" ಎಂದು ಉಪದೇಶಿಯವರನ್ನು ಕೇಳಿದೆ, ಅಷ್ಟೇ.

ಅವರು ಗುದ್ದಲಿ ತೆಗೆದುಕೊಂಡು ಬೇಲಿಯ ಒಳಗೆ ಹೋದರು. ಬೇರೆ ಜಾಗವೆಲ್ಲ ಒಂದೊಂದು ಮನೆಯವರದು; ಯಾರನ್ನೂ ಕೇಳದೆ ಅವರು ಕೊಡಬಹುದಾಗಿದ್ದದ್ದು ತಮ್ಮದನ್ನು ಮಾತ್ರ. ಅದನ್ನೇ ಅಗೆಯತೊಡಗಿದರು. ಡಬ್ಬಿಯನ್ನು ಮಾತ್ರ ಮುಟ್ಟಲಿಲ್ಲ.

"ಎಂಥ ಉಪದೇಶಿಗಳೇ ಇದು! ಸ್ನಾನ ಆಗದ ಮಗು ಒಳಗಾ?" ಎಂದರು ಅತ್ತೆ.

"ನನ್ನ ಬೆರಳಿಗೆ ಯಾವ ಫಾದರ್ ಬಂದು ಬೇರೆ ಸ್ನಾನ ಕೊಟ್ಟಿದ್ರಮ್ಮಾ? ನನ್ನವು ಅಂತ ತಾನೆ ಒಳಗಿದಾವೆ? ಇದೂ ನಂದೇ ಅಂದ್ಕೊಳ್ಳಿ."

ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಮಣ್ಣು ಹಾಕಿದ ಮೇಲೆ ನಾನು ಕೇಳಿದೆ, "ಇನ್ನು ನಿಮಗೆ ಜಾಗ?"

"ನಂಗಾ? ಸುಸ್ತಾಗಿದೆ ಮಾರಾಯ್ತಿ, ಎಲ್ಲಿ ಮಲಗಿಸಿದ್ರೂ ನಿದ್ದೆ ಬರ್ತದೆ. ಬೆರಳು ತಗೊಳ್ಳೋಕೆ ಹೇಗೂ ಇಲ್ಲಿಗೆ ಬರಬೇಕಲ್ಲ, ಹಾಗೇ ಇವಳನ್ನೂ ಎತ್ಕೊಂಡು ಬರ್ತೀನಿ."

ಏಳೆಂಟು ಮಳೆಗಾಲ ಕಳೆದು ಅವರು ತೀರಿಕೊಂಡರು. ಕೆಳಗೆ ಗೇಟಿನ ಹತ್ತಿರದ ಮೂಲೆಯಲ್ಲಿ, ಹೆಂಡತಿಯಿಂದಲೂ ಬೆರಳುಗಳಿಂದಲೂ ದೂರ, ಅವರನ್ನು ಮಣ್ಣು ಮಾಡಿದೆವು. ಅಷ್ಟು ವರ್ಷ ಕಾದಿಟ್ಟುಕೊಂಡ ಜಾಗವನ್ನು ನನ್ನ ಒಂದು ಮಾತಿಗೆ ಬಿಟ್ಟುಕೊಟ್ಟರಲ್ಲ ಎಂದು ಆ ದಿನ ನಾನು ಅತ್ತುಬಿಟ್ಟೆ.

ಈಗ ನನಗೂ ಸಾಕಾಗಿದೆ. ಕಾಫಿ ಕೊಯ್ದು ಕೊಯ್ದು ಸೊಂಟ ಬಿದ್ದಿದೆ. ಶರೀರ ಏಳುತ್ತದೆಂದು ಕೆಲವು ವರ್ಷ ನಂಬುತ್ತೇನೆ, ಕೆಲವು ವರ್ಷ ನಂಬಲಾಗುವುದಿಲ್ಲ. ಇದೇ ಶರೀರವಾದರೆ ಮತ್ತೆ ಏಳುವುದೂ ಬೇಡ ಅನ್ನಿಸುತ್ತದೆ. ಆದರೂ ಪ್ರತಿ ನವೆಂಬರಿನಲ್ಲಿ, ಸತ್ತವರ ಹಬ್ಬಕ್ಕೆ ಮುಂಚೆ, ಕತ್ತಿ ಹಿಡಿದು ಹೋಗಿ ಅವರ ಸಮಾಧಿಯಿಂದ ಮಗಳ ಸಮಾಧಿವರೆಗಿನ ದಾರಿಯಲ್ಲಿ ಬೆಳೆದ ಲಂಟಾನವನ್ನೆಲ್ಲ ಸವರುತ್ತೇನೆ. ನಂಬಿಕೆ ಇಲ್ಲದ ವರ್ಷವೂ ಬಿಡುವುದಿಲ್ಲ. ಅವರು ಬರುವಾಗ ಕಾಲಿಗೆ ಮುಳ್ಳು ತಾಗಬಾರದು. ವಾಪಸು ಇಳಿಯುವಾಗ ಕೈಯಲ್ಲಿ ನನ್ನ ಮಗಳಿರುತ್ತಾಳೆ.