ರಾಯವ್ವನ ಬಾಗಿಲ ತಂತಿ

ದಸರೆಯ ಬೆಳಗು. ಇಚಲಕರಂಜಿಯ ಮಗ್ಗಗಳು ಹಬ್ಬಕ್ಕೆಂದು ಬಾಯಿ ಮುಚ್ಚಿವೆ. ಗಲ್ಲಿಯಲ್ಲಿ ಕೇಳುತ್ತಿರುವುದು ಒಂದೇ ಸದ್ದು, ರಾಯವ್ವನ ಸುತ್ತಿಗೆಯದು. ಹುಣಸೆ ಕೊರಡಿನ ಮೇಲೆ ರಬ್ಬರ್ ಹಾಳೆ ಹಾಸಿ, ಅದರ ಮೇಲೆ ಬಳೆಯಾಕಾರ ಕತ್ತರಿಸುವ ಉಕ್ಕಿನ ಪಂಚು ನಿಲ್ಲಿಸಿ, ಯಾರ ಮೇಲಿನದೋ ಸಿಟ್ಟು ತೀರಿಸಿಕೊಳ್ಳುವಂತೆ ಹೊಡೆಯುತ್ತಿದ್ದಾರೆ. ಪಂಚಿಗೆ ನಿನ್ನೆ ಖಂಡೇನವಮಿಗೆ ಹಚ್ಚಿದ ಕುಂಕುಮ ಇನ್ನೂ ಅಳಿಸಿಲ್ಲ.

“ಪೂಜಿಗೆ ಇಟ್ಟ ಹತ್ಯಾರ ಸಂಜಿತನಕಾ ಮುಟ್ಟಬಾರದಽ,” ಎಂದು ಗಂಡ ಯಲಗೂರಪ್ಪ ಒಳಗಿನಿಂದ ಗೊಣಗುತ್ತಾರೆ.

“ನಾ ಏನ್ ಹೌಸಿಗೆ ಮುಟ್ಟೇನೇನ್ರಿ? ಗಡಹಿಂಗ್ಲಜದ ಬಾಪೂಸಾಹೇಬ್ರ ಗಾಡಿ ಮತ್ತ ಕೆಟ್ಟ ಕುಂತೈತಿ. ನಿನ್ನ ಪ್ಯಾಕಿಂಗಽ ಖೊಟ್ಟಿ ಅಂತ ಫೋನಿನ್ಯಾಗ ಬಾಯಿ ಮಾಡ್ಯಾರ!”

ಕಾರಿನಲ್ಲಿ ಪೆಟ್ರೋಲ್ ಹರಿಯುವ ಭಾಗಗಳ ನಡುವೆ, ಹನಿಯೂ ಸೋರದಂತೆ ಕೂರಿಸುವ ರಬ್ಬರ್ ಬಳೆಗೆ ಇಲ್ಲಿಯ ಗ್ಯಾರೇಜುಗಳಲ್ಲಿ ಪ್ಯಾಕಿಂಗ್ ಅನ್ನುತ್ತಾರೆ. ಹಳೆ ಫಿಯಾಟು, ಅಂಬಾಸಡರುಗಳಿಗೆ ಅಂಥವು ಅಂಗಡಿಯಲ್ಲಿ ಸಿಗುವುದೇ ಕಷ್ಟ. ಅದಕ್ಕೇ ಕೊಲ್ಹಾಪುರದಿಂದ ಶಿರೋಳದವರೆಗಿನ ಮೆಕ್ಯಾನಿಕ್‌ಗಳು ಹರಿದದ್ದೊಂದನ್ನು ಕಾಗದದಲ್ಲಿ ಸುತ್ತಿ ಇವರಿಗೆ ಕಳಿಸುತ್ತಾರೆ. ರಾಯವ್ವ ಕಣ್ಣಳತೆಯಲ್ಲೇ ಅದರ ಜೋಡಿ ಕತ್ತರಿಸಿ ಕೊಡುತ್ತಾರೆ, ದಿನಕ್ಕೆ ನಲವತ್ತೋ ಐವತ್ತೋ. ಮದುವೆ ಮೆರವಣಿಗೆಯಲ್ಲಿ ಮಿರಮಿರ ಮಿಂಚುವ ಹಳೆ ಕಾರು ಕಂಡವರು ಮಾಲೀಕನನ್ನು ಹೊಗಳುತ್ತಾರೆ, ಬಣ್ಣ ಹೊಡೆದವನನ್ನು ಹೊಗಳುತ್ತಾರೆ. ರಾಯವ್ವನ ಹೆಸರು ನೆನಪಾಗುವುದು ಸೋರಿದಾಗ ಮಾತ್ರ.

ಇವರದು ಜಮಖಂಡಿ ಕಡೆಯಿಂದ ಮಗ್ಗದ ಕೆಲಸಕ್ಕೆ ಬಂದ ಮನೆತನ. ಯಲಗೂರಪ್ಪ ಮಗ್ಗ ನಡೆಸಿ ನಡೆಸಿ ಕಿವಿ ಮಂದ ಮಾಡಿಕೊಂಡರೆ, ರಾಯವ್ವ ಲಾಳಿಗೆ ಬಡಿಯುವ ಚರ್ಮದ ಪಟ್ಟಿ ಕತ್ತರಿಸುತ್ತಿದ್ದರು. ಲಾಳಿಯೇ ಇಲ್ಲದ ಹೊಸ ಮಗ್ಗಗಳು ಬಂದವು, ಚರ್ಮ ಕೇಳುವವರು ಇಲ್ಲವಾದರು. ಅದೇ ಪಂಚು, ಅದೇ ಕೊರಡು ಇಟ್ಟುಕೊಂಡು ರಬ್ಬರಿಗೆ ಕೈ ಹಾಕಿದರು. ಮಗ್ಗದ ಕಾಲದ ನೇಮವೊಂದನ್ನು ಮಾತ್ರ ಬಿಡಲಿಲ್ಲ. ಕೊಟ್ಟ ಮಾಲು ಕೆಟ್ಟು ಬಂದರೆ ವಾದವಿಲ್ಲ, ಹೊಸದು ಪುಕ್ಕಟೆ. ಕೆಟ್ಟದ್ದು ತೋರಣ ಕಟ್ಟುವ ಬಾಗಿಲ ತಂತಿಗೆ, ಹೋಗಿಬರುವವರೆಲ್ಲ ನೋಡುವಂತೆ. ಆಗೆಲ್ಲ ಆ ತಂತಿಯಲ್ಲಿ ಒಂದೋ ಎರಡೋ ಪಟ್ಟಿ ತೂಗುತ್ತಿದ್ದವು. ಈಗ ಈ ತುದಿಯಿಂದ ಆ ತುದಿಗೆ ಬಾತ ರಬ್ಬರು, ಬಿರಿದ ರಬ್ಬರು. ಈ ಸಲ ಚೆಂಡುಹೂವಿನ ತೋರಣಕ್ಕೂ ಜಾಗವಿಲ್ಲದೆ ಅದನ್ನು ಕಿಟಕಿಗೆ ಕಟ್ಟಿದ್ದಾರೆ.

“ಪಂಪಿನ ಪೆಟ್ರೋಲಿನ್ಯಾಗ ಎಥೆನಾಲ್ ಹೆಚ್ಚಾತು ನೋಡ್ರಿ, ನನ್ನ ರಬ್ಬರ್ ಬಸುರಿ ಕಾಲಿನಂಗ ಬಾಯಾಕತ್ತು. ಗಾಡಿ ನಾಕ ತಿಂಗಳ ನಿಂತ್ರ ಒಣಗಿ ಬಿರಿತೈತಿ. ಯಾರಿಗಿ ಹೇಳೂದು? ಎಥೆನಾಲ್ ಆಗೂದ ಕಬ್ಬಿಲೆ, ಇಲ್ಲಿ ಎಲ್ಲಾರೂ ಕಬ್ಬ ಬೆಳಿಯಾವರಽ!”

ಹೊಸ ಗಾಡಿಗಳಿಗೆ ಈ ಪೆಟ್ರೋಲ್ ಒಗ್ಗುವ ರಬ್ಬರ್ ಇರುತ್ತದೆ. ಹಳೆಯವನ್ನು ಕಟ್ಟಿದವರು ಇದನ್ನು ಕನಸಿನಲ್ಲೂ ಎಣಿಸಿರಲಿಲ್ಲ. ರಾಯವ್ವ ಕೈಕಟ್ಟಿ ಕೂರಲಿಲ್ಲ. ಕೊಲ್ಹಾಪುರಕ್ಕೆ ಹೋಗಿ ಥರಾವರಿ ರಬ್ಬರ್ ತುಂಡು ತಂದು, ಉಪ್ಪಿನಕಾಯಿ ಬಾಟಲಿಗಳಲ್ಲಿ ಪೆಟ್ರೋಲ್ ತುಂಬಿ ನೆನೆಹಾಕಿದರು. ಬಾತುಕೊಳ್ಳದೆ ಉಳಿದ ಒಂದೇ ಒಂದು ಜಾತಿಯನ್ನು ಆರಿಸಿ, ಮೊದಲು ಬಾಪೂಸಾಹೇಬರ ಫಿಯಾಟಿಗೇ ಶ್ರಾವಣದಲ್ಲಿ ಕತ್ತರಿಸಿ ಕೊಟ್ಟರು. ಆ ಗಾಡಿಯೇ ಈಗ ಕುಂತಿದೆ. “ಇದೂ ಕೆಟ್ಟಿದ್ರ ನಾ ಪಂಚ್ ಕೆಳಗ ಇಡಾಕಿನಽ,” ಎನ್ನುತ್ತ ಹೊಸ ಪ್ಯಾಕಿಂಗ್‌ಗಳನ್ನೂ ಒಂದು ತುಂಡು ಹಾಳೆಯನ್ನೂ ಚೀಲಕ್ಕೆ ಹಾಕಿಕೊಂಡು ಕೆಂಪು ಬಸ್ಸು ಹತ್ತುತ್ತಾರೆ.

ಗಡಹಿಂಗ್ಲಜದ ಅಂಗಳದಲ್ಲಿ ಫಿಯಾಟು ಹಾರ ಹಾಕಿಸಿಕೊಂಡು ಮದುಮಗನಂತೆ ನಿಂತಿದೆ. ಸಂಜೆ ಬನ್ನಿ ಕೊಡಲು ಅದರಲ್ಲೇ ಹೋಗುವುದು ಆ ಮನೆಯ ರೂಢಿ. ಬಾಪೂಸಾಹೇಬರ ಮುಖ ಗಂಟಿಕ್ಕಿದೆ. ಮೆಕ್ಯಾನಿಕ್ ಬಾಹುಬಲಿ ಕಾರ್ಬುರೇಟರ್ ಬಿಚ್ಚುತ್ತಾರೆ. ರಾಯವ್ವ ತಮ್ಮ ಒಂದೊಂದೇ ಪ್ಯಾಕಿಂಗ್ ತೆಗೆದು ಉಗುರಿನಿಂದ ಗೀರಿ ನೋಡುತ್ತಾರೆ. ಒಂದೂ ಬಾತಿಲ್ಲ.

“ನೋಡ್ರಿ ಸಾಹೇಬ್ರ, ಕಣ್ಣ ತಗದ ನೋಡ್ರಿ!”

ಬಾಹುಬಲಿ ಟ್ಯಾಂಕಿನ ತಳದಿಂದ ಗಾಜಿನ ಬಾಟಲಿಗೆ ಪೆಟ್ರೋಲ್ ಇಳಿಸುತ್ತಾರೆ. ತುಸು ಹೊತ್ತಿಗೆ ಅದು ಎರಡು ಪದರಾಗಿ ನಿಲ್ಲುತ್ತದೆ.

“ತಳಕ್ಕ ನೀರೈತಿ,” ಎನ್ನುತ್ತಾರೆ. “ಎಥೆನಾಲ್ ನೀರನ್ನ ಎಳಕೊಂಡು, ಎರಡೂ ಕೂಡಿ ತಳಾ ಹಿಡದಾವ. ಇಂಜಿನ್ ಮೊದಲ ಅದನ್ನಽ ಕುಡದೈತಿ. ನೀರ ಎಲ್ಲಿಂದ ಬಂತ್ರಿ?”

ಬಾಪೂಸಾಹೇಬರು ಸಡಗರದಿಂದಲೇ ಹೇಳುತ್ತಾರೆ: “ನಿನ್ನಿ ಪೂಜಿಗಿ ಹಿರಣ್ಯಕೇಶಿ ಹೊಳಿ ನೀರ ತಂದು ಕೊಡಗಟ್ಟಲೆ ಗಾಡಿ ಮ್ಯಾಲ ಸುರದೇವಿ. ನಮ್ಮಪ್ಪನ ಕಾಲದಿಂದ ಹಂಗಽ.”

“ದೇವರಿಗಿ ಅಭಿಷೇಕ ಮಾಡ್ರಿ, ಟಾಕಿಗಿ ಯಾಕ ಮಾಡ್ತೀರಿ?” ರಾಯವ್ವ ಹಣೆ ಚಚ್ಚಿಕೊಳ್ಳುತ್ತಾರೆ.

“ಟಾಕಿಗಿ ಮುಚ್ಚಳ ಇಲ್ಲೇನವ್ವಾ?” ಬಾಪೂಸಾಹೇಬರು ಕೇಳುತ್ತಾರೆ.

ಆ ಮಾತಿಗೆ ರಾಯವ್ವ ಗಾಡಿಯ ಹಿಂದೆ ಹೋಗಿ ಮುಚ್ಚಳ ತಿರುವಿ ನೋಡುತ್ತಾರೆ. ಒಳಗಿನ ಪ್ಯಾಕಿಂಗ್ ಒಣಗಿ, ಅಡ್ಡಕ್ಕೆ ಸೀಳಿದೆ. ಹಳೆ ರಬ್ಬರು, ಎಷ್ಟೋ ವರ್ಷದ ಹಿಂದೆ ಇವರೇ ಕತ್ತರಿಸಿದ್ದು. ಶ್ರಾವಣದಲ್ಲಿ ಎಲ್ಲವನ್ನೂ ಬದಲಿಸಿದವರಿಗೆ ಇದೊಂದು ನೆನಪಾಗಿರಲಿಲ್ಲ. ಗೆದ್ದೆನೆಂದುಕೊಂಡ ಮುಖ ಅಲ್ಲೇ ಇಳಿಯುತ್ತದೆ.

“ಬಿಡವ್ವಾ, ನೀರ ಹಾಕಿದಾಂವ ನಾ,” ಬಾಪೂಸಾಹೇಬರೇ ಮೆತ್ತಗಾಗುತ್ತಾರೆ. “ಪೆಟ್ರೋಲಿಂದಽ ತಪ್ಪು,” ಎಂದು ಬಾಹುಬಲಿ ದನಿಗೂಡಿಸುತ್ತಾರೆ.

“ಪೆಟ್ರೋಲ್ ರಬ್ಬರ್ ಕೆಡಿಸಿರಬೇಕು, ನೀರ ನೀವಽ ಹಾಕಿರಬೇಕು. ಆದ್ರ ಟಾಕಿ ಬಾಗಲಾ ಕಾಯಾಕ ಕುಂತಾಂವ ನನ್ನಾಂವ ಅಲ್ಲೇನ್ರಿ?” ಎಂದವರೇ ಹಾಳೆ ತೆಗೆದು ಕತ್ತರಿಯಿಂದ ಹೊಸ ಬಳೆ ಕತ್ತರಿಸಿ ಮುಚ್ಚಳಕ್ಕೆ ಕೂರಿಸುತ್ತಾರೆ. ಸೀಳಿದ್ದು ಸೆರಗಿನ ಗಂಟು ಸೇರುತ್ತದೆ. ಬಾಹುಬಲಿ ಟಾಕಿ ಬರಿದು ಮಾಡಿ ಹೊಸ ಪೆಟ್ರೋಲ್ ಹಾಕಿದ ಮೇಲೆ ಫಿಯಾಟು ಎರಡು ಸಲ ಕೆಮ್ಮಿ ಶುರುವಾಗುತ್ತದೆ. ಗಾಡಿಯಲ್ಲೇ ಕೂತು ಹೋಗೆಂದರೂ ಕೇಳದೆ ರಾಯವ್ವ ಬಸ್‌ ಸ್ಟ್ಯಾಂಡಿಗೆ ನಡೆಯುತ್ತಾರೆ.

ಇಚಲಕರಂಜಿ ಮುಟ್ಟುವಾಗ ದೀಪ ಹಚ್ಚುವ ಹೊತ್ತು. ಬಾಗಿಲಲ್ಲೇ ನಿಂತು, ಸೆರಗಿನ ಗಂಟು ಬಿಚ್ಚಿ, ತಂತಿಯ ಮೇಲಿನ ರಬ್ಬರುಗಳನ್ನು ಬೆರಳಿನಿಂದ ಸರಿಸಿ ಜಾಗ ಮಾಡುತ್ತಾರೆ.

“ಯಾರದೋ ತಪ್ಪಿಗಿ ನಿನ್ನ ಮಾನಾ ಯಾಕ ತೂಗಬಿಡ್ತಿ?” ನಡೆದದ್ದನ್ನು ಕೇಳಿದ ಯಲಗೂರಪ್ಪನಿಗೆ ಬೇಸರ.

“ನನ್ನ ಕೈಯಾಂದು ಸೋರಿತು, ನನ್ನ ಬಾಗಲಕ್ಕಽ ಇರ್ಲಿ,” ಎಂದು ಗಂಡನ ಕಿವಿಗೆ ಕೇಳುವಂತೆ ಗಟ್ಟಿಯಾಗಿ ಹೇಳುತ್ತಾರೆ. ಆಮೇಲೆ ಕಿಟಕಿಯಲ್ಲಿ ಬಾಡುತ್ತಿರುವ ತೋರಣದತ್ತ ನೋಡಿ ದನಿ ತಗ್ಗಿಸುತ್ತಾರೆ. “ಬರೂ ದಸರಿಗಿ ಈ ತಂತಿ ಮ್ಯಾಲ ಬರೇ ಚೆಂಡುಹೂವ ಇರಬೇಕ ನೋಡ್ರಿ. ಅಷ್ಟಽ ಆಶಾ.”