ಹಿಮದ ಕೋಣೆಯಲ್ಲಿ ಹಾಸಿದ ಕಂಬಳಿ

೨೦೧೩ನೆಯ ಡಿಸೆಂಬರ್ ೨೭, ಶುಕ್ರವಾರ. ವಿಜಯ ಸಂವತ್ಸರದ ಮಾರ್ಗಶಿರ ಬಹುಳ ದಶಮಿ. ಆಧಾರ: ಕೊಪ್ಪಳದಿಂದ ಗೋವಾದ ವಾಸ್ಕೋಗೆ ಹೋಗಿ ಬಂದ ಎರಡು ರೈಲು ಚೀಟಿಗಳು ಮತ್ತು ಆ ವರ್ಷದ ಗೋಡೆ ಪಂಚಾಂಗ. ಚೀಟಿಗಳ ಮೇಲಿನ ದಿನಾಂಕಗಳನ್ನು ಹಿಡಿದು ಎಣಿಸಿದರೆ ನಾವು ಸಮುದ್ರದ ಊರು ಸೇರಿದ ಮರುದಿನ ಶುಕ್ರವಾರವೇ ಆಗುತ್ತದೆ. ಅವ್ವ ಮಾತ್ರ ತನ್ನ ಹರಕೆ ತೀರಿದ ದಿನ ಸೋಮವಾರವೆಂದೇ ಕೊನೆಯವರೆಗೂ ಹೇಳಿದಳು. ಶಿವನ ವಾರವನ್ನು ಬಿಟ್ಟು ಬೇರೆ ವಾರದಲ್ಲಿ ಅಂಥದ್ದು ನಡೆಯುವುದಿಲ್ಲ ಎಂಬುದು ಅವಳ ಲೆಕ್ಕ. ನಾನು ಶಾಸನಗಳ ಕಾಲನಿರ್ಣಯದಲ್ಲಿ ಆಯುಷ್ಯ ಕಳೆದವನು. ತಿಥಿಗೂ ವಾರಕ್ಕೂ ಹೊಂದಿಕೆಯಾಗದ ಕಲ್ಲುಗಳನ್ನು ಎಷ್ಟೋ ನೋಡಿದ್ದೇನೆ. ಕೆತ್ತಿಸಿದವನಿಗೆ ಬೇಕಾದ ವಾರ ಒಂದು, ಗಣಿತಕ್ಕೆ ಸಿಗುವ ವಾರ ಇನ್ನೊಂದು. ಆದ್ದರಿಂದ ಅವಳೊಡನೆ ನಾನು ವಾದಿಸಲಿಲ್ಲ.

ಮೊದಲು ಹರಕೆಯ ವಿಷಯ. ಅದರ ಕಾಲ ೧೯೯೭ರ ಬೇಸಿಗೆ. ದಿನ ನಿಶ್ಚಿತವಾಗಿಲ್ಲ, ಆಸ್ಪತ್ರೆಯ ಕಾಗದಗಳು ಉಳಿದಿಲ್ಲ. ಕೊಪ್ಪಳ ಇನ್ನೂ ರಾಯಚೂರು ಜಿಲ್ಲೆಯೊಳಗೇ ಇತ್ತೆಂಬುದು ಮಾತ್ರ ಖಚಿತ, ಏಕೆಂದರೆ ಪ್ರತ್ಯೇಕ ಜಿಲ್ಲೆಯ ಮಾತು ಆಸ್ಪತ್ರೆಯ ವರಾಂಡದಲ್ಲಿ ನಡೆಯುತ್ತಿದ್ದುದು ನನ್ನ ಹೆಂಡತಿಗೆ ನೆನಪಿದೆ. ಯಲಬುರ್ಗಾ ಕಡೆಯ ಒಂದು ಹೊಲದಲ್ಲಿ ಬಿದ್ದಿದ್ದ ಶಾಸನದ ಪ್ರತಿ ತೆಗೆಯುತ್ತ ಬಿಸಿಲಿನಲ್ಲಿ ಎರಡು ದಿನ ಕೂತವನು ಮೂರನೆಯ ದಿನ ಏಳಲಿಲ್ಲ. ನನ್ನನ್ನು ಗಂಗಾವತಿಗೆ ತಂದು ಮಲಗಿಸಿದರು. ಜ್ವರ ಇಳಿಯಲೊಲ್ಲದು. ಕಾರಟಗಿಯ ಕಡೆಯವಳಾದ ನನ್ನ ಹೆಂಡತಿ ಊರೊಳಗಿನ ಐಸ್ ಕಾರ್ಖಾನೆಯಿಂದ ಗೋಣಿಚೀಲದಲ್ಲಿ ಒಂದು ಗಡ್ಡೆ ತರಿಸಿದಳು. ಕರಗದಿರಲೆಂದು ಅದನ್ನು ಭತ್ತದ ಹೊಟ್ಟಿನಲ್ಲಿ ಹುಗಿದಿದ್ದರು. ಅವ್ವ ಅದನ್ನು ಒಡೆದೊಡೆದು ನನ್ನ ನೆತ್ತಿಗೆ, ಅಂಗೈಗೆ, ಅಂಗಾಲಿಗೆ ಹಿಡಿದಳಂತೆ. ನನಗಿರುವುದು ಜ್ವರದ ನೆನಪು: ಎಲ್ಲೋ ಒಂದು ಬಿಳಿಯ ಬೆಟ್ಟ, ಅದರ ಮೇಲೆ ಗಾಳಿಗೆ ಸುರಿಯುತ್ತಿರುವ ಬಂಗಾರದ ಬಣ್ಣದ ಹೊಟ್ಟು, ದೂರದಲ್ಲಿ ಯಾರೋ ನನ್ನ ಹೆಸರು ಕೂಗುತ್ತಿರುವಂತೆ.

ಆಗ ಅವ್ವ ಅಂದ ಮಾತನ್ನು ಹೆಂಡತಿ ಕೇಳಿದ್ದಾಳೆ. "ಕೇದಾರದಪ್ಪ, ಇವನ್ನ ಉಳಿಸಿಕೊಡು. ಬರ್ಫದಾಗ ಬರಿಗಾಲಲೇ ನಿಂತು ನಿನಗ ಕೈ ಮುಗಿತೀನಿ."

ನಾನು ಉಳಿದೆ. ಹರಕೆಯೂ ಉಳಿಯಿತು. ಒಂದು ವರ್ಷ ನನಗೆ ರಜೆ ಸಿಗಲಿಲ್ಲ, ಇನ್ನೊಂದು ವರ್ಷ ಅವಳ ಮೊಣಕಾಲು ಏಳಲಿಲ್ಲ. ನಾನು ನಿವೃತ್ತನಾದ ಮೇಲೆ ಹೊರಡುವುದೆಂದು ನಿಶ್ಚಯಿಸಿದಾಗ ೨೦೧೩ರ ಜೂನ್ ಬಂತು. ಕೇದಾರದ ಕಣಿವೆಯಲ್ಲಿ ನೀರು ಊರೂರನ್ನೇ ಎಳೆದೊಯ್ದುದನ್ನು ಟೀವಿಯಲ್ಲಿ ನೋಡುತ್ತ ಅವ್ವ ಊಟ ಬಿಟ್ಟಳು. ಮಳೆಗಾಲ ಕಳೆದ ಮೇಲೆ ಕೊಪ್ಪಳದ ವೈದ್ಯರು ಅವಳ ಎದೆ ಪರೀಕ್ಷಿಸಿ, ಎತ್ತರದ ಊರು ಇನ್ನು ಕನಸಿನಲ್ಲೂ ಬೇಡವೆಂದರು.

ಅಂದಿನಿಂದ ಅವಳಿಗೆ ನಿದ್ದೆ ಹೋಯಿತು. ತನ್ನ ಸಾವಿನ ಭಯ ಅವಳಿಗಿರಲಿಲ್ಲ. ಹರಕೆ ತೀರಿಸದೆ ತಾನು ಹೋದರೆ ದೇವರು ಕೊಟ್ಟದ್ದನ್ನು ತಿರುಗಿ ಕೇಳುತ್ತಾನೆ, ಆಗ ಉತ್ತರ ಹೇಳಬೇಕಾದವನು ನಾನು: ಇದು ಅವಳ ಭಯ. ನಾನು ಸ್ವಲ್ಪ ಕೆಮ್ಮಿದರೂ ಎದ್ದು ಬಂದು ಹಣೆ ಮುಟ್ಟುವಳು. ಅರವತ್ತು ದಾಟಿದ ಮಗನ ಹಣೆ.

"ಅತ್ತೀನ ನಾಕ್ ದಿನ ಸಮುದ್ರಕರ ಕರ್ಕೊಂಡು ಹೋಗೂಣ್ರಿ," ಎಂದಳು ನನ್ನ ಹೆಂಡತಿ. "ಮನಿಯಾಗ ಕುಂತ್ರ ಬರೇ ನಿಮ್ಮ ಮಾರಿ ನೋಡ್ಕೋತ ಕುಂದರ್ತಾರ."

ಹಾಗೆ ಹೊರಟದ್ದು. ಗಿಣಿಗೇರಾದ ಕಡೆ ಕಾರ್ಖಾನೆಗಳ ಚಿಮಣಿಯ ಕೆಂಪು ಬೆಳಕು ಆಕಾಶಕ್ಕೆ ಹತ್ತಿದ್ದನ್ನು ನೋಡುತ್ತ ನಿಲ್ದಾಣದಲ್ಲಿ ಕಾದದ್ದು ನೆನಪಿದೆ. ಬೆಳಗಾಗುವಷ್ಟರಲ್ಲಿ ರೈಲು ಘಟ್ಟದೊಳಗಿತ್ತು. ಕಿಟಕಿಯ ತುಂಬ ಮಂಜು. ಮಂಜಿನ ನಡುವೆ ಬಂಡೆಯ ಮೇಲಿಂದ ಬಿಳಿಯ ಎಳೆಯೊಂದು ಸದ್ದಿಲ್ಲದೆ ಇಳಿಯುತ್ತಿತ್ತು. ಅವ್ವ ಕಿಟಕಿಗೆ ಹಣೆ ಹಚ್ಚಿ ಕೇಳಿದಳು, "ಅದು ಬರ್ಫೇನೋ?"

"ಅಲ್ಲಬೇ, ನೀರು."

ಸುರಂಗವೊಂದು ಬಂದು ಅವಳ ಮುಖವನ್ನು ಕತ್ತಲೆಯಲ್ಲಿ ಅದ್ದಿ ತೆಗೆಯಿತು.

ಸಮುದ್ರವನ್ನು ಅವಳು ಬಹಳ ಹೊತ್ತು ನೋಡಿದಳು. "ಸಾಣಾಪುರದ ಕೆರಿಗೆ ಆಚೀ ದಂಡಿ ಐತಿ. ಇದಕ್ಕ ಅದ ಇಲ್ಲ," ಎಂದು ತೀರ್ಪು ಕೊಟ್ಟು ಮರಳಿನ ಮೇಲೆ ಕೂತಳು. ಅಲೆ ಬಂದು ಅವಳ ಸೀರೆಯ ಅಂಚನ್ನು ಮುಟ್ಟಿ ಹೋಗುತ್ತಿತ್ತು. ಆ ಎರಡು ದಿನಗಳು ನನ್ನ ನೆನಪಿನಲ್ಲಿ ಒಂದೇ ದೀರ್ಘ ಮಧ್ಯಾಹ್ನದಂತಿವೆ. ಬೆಳಕು ಉಪ್ಪಿನ ಬಣ್ಣದ್ದು, ಮಾತುಗಳು ನೀರಿನೊಳಗಿಂದ ಕೇಳಿದಂಥವು.

ಎರಡನೆಯ ಸಂಜೆ ದಂಡೆಯ ರಸ್ತೆಯಲ್ಲಿ ಬರುತ್ತಿದ್ದಾಗ ನೀಲಿ ದೀಪದ ಫಲಕವೊಂದು ಕಂಡಿತು. ಅದರ ಮೇಲೆ ಹಿಮದ ಗುಹೆಯ ಚಿತ್ರ. ಬಾಗಿಲಲ್ಲಿ ನಡುವಯಸ್ಸಿನ ಹೆಂಗಸೊಬ್ಬಳು ದಪ್ಪನೆಯ ನಿಲುವಂಗಿಗಳನ್ನು ತೂಗುಹಾಕುತ್ತ, ಫೋನಿನಲ್ಲಿ ಯಾರಿಗೋ "ಹಂಗಂದ್ರ ಹೆಂಗೋ, ಮೇವು ತರಬೇಕಿಲ್ಲೇನು?" ಎಂದು ಬೈಯುತ್ತಿದ್ದಳು. ಅವ್ವ ನಿಂತೇಬಿಟ್ಟಳು.

"ಯಾ ಊರವ್ವ ನಿಂದು?"

ಹೆಂಗಸು ಫೋನು ಕೆಳಗಿಳಿಸಿ ನಕ್ಕಳು. "ಕುಷ್ಟಗಿ ಹತ್ರ ರೀ ಅಜ್ಜಿ. ನಿಮ್ದು?"

"ಕೊಪ್ಪಳ. ಒಳಗ ಏನೈತಿ?"

"ಬರ್ಫ ಐತ್ರಿ. ಬರೇ ಬರ್ಫ. ಗ್ವಾಡಿ ಬರ್ಫ, ಕುರ್ಚಿ ಬರ್ಫ, ಕುಡಿಯೂ ಲೋಟಾನೂ ಬರ್ಫ."

ಅವ್ವ ನನ್ನ ಕಡೆ ತಿರುಗಿದಳು. ಆ ನೋಟವನ್ನು ನಾನು ಬಲ್ಲೆ. "ಅವ್ವಾ, ಅದು ಬಾರು. ಸೆರೆ ಕುಡಿಯೂ ಜಾಗಾ," ಎಂದೆ.

"ನಾ ಏನ್ ಕುಡಿಯಾಕ ಹೊಂಟೀನೇನು?"

"ವೈದ್ಯರು ಏನಂದಾರ ನೆನಪೈತಿಲ್ಲ?"

"ಎತ್ತರದ ಊರು ಬ್ಯಾಡಂದಾರ. ಇದು ಸಮುದ್ರದ ದಂಡಿ. ಇದಕ್ಕಿಂತ ತೆಗ್ಗು ಎಲ್ಲೈತಿ?"

ಬಾಗಿಲ ಹೆಂಗಸು ನಗು ತಡೆಯಲಾರದೆ ಕೇಳಿದಳು, "ಸಾಹೇಬ್ರು ಮಾಸ್ತರ್ ಅದಾರೇನ್ರಿ ಅಜ್ಜಿ?"

"ಅಲ್ಲವ್ವ. ಕಲ್ಲು ಓದ್ತಾನ."

"ಕಲ್ಲಿಗೆ ಅಂಜದವ್ರು ಬರ್ಫಕ್ಕ ಯಾಕ ಅಂಜ್ತೀರಿ ಸಾಹೇಬ್ರ? ಥಂಡಿ ತಡೀಲಿಲ್ಲಂದ್ರ ನಾನೇ ಹೊರಗ ಕರ್ಕೊಂಡು ಬರ್ತೀನಿ, ಬರ್ರಿ."

ನಾನು ಕೊನೆಯದಾಗಿ, ನನಗೆ ತಿಳಿದ ರೀತಿಯಲ್ಲಿ, ಮೂಲಪಾಠದ ಪ್ರಶ್ನೆಯನ್ನೆತ್ತಿದೆ. ಹರಕೆಯ ಮಾತಿನಲ್ಲಿ ಇರುವುದು ಕೇದಾರ, ಇದು ಕೇದಾರವಲ್ಲ. ಸ್ಥಳವೇ ಬೇರೆಯಾದ ಮೇಲೆ ಉಳಿದ ಮಾತಿಗೆ ಏನು ಬೆಲೆ?

ಅವ್ವ ಸೆರಗಿನೊಳಗಿನಿಂದ ಬೆಳ್ಳಿಯ ಕರಡಿಗೆಯನ್ನು ಹೊರಗೆ ತೆಗೆದಳು. ಇಷ್ಟಲಿಂಗವಿರುವ ಆ ಪುಟ್ಟ ಭರಣಿಯನ್ನು ಅವಳು ಕೊರಳಿಂದ ಇಳಿಸಿದ್ದನ್ನು ನಾನು ಕಂಡಿಲ್ಲ. "ಅಂವ ಇಲ್ಲೇ ಅದಾನ. ಕೊಳ್ಳಾಗ. ಇಷ್ಟ್ ದಿನ ಬರ್ಫ ಒಂದ ಇರಲಿಲ್ಲ," ಎಂದಳು.

ಹೆಂಡತಿ ಆಗಲೇ ನಿಲುವಂಗಿಯೊಂದನ್ನು ಅತ್ತೆಯ ಹೆಗಲಿಗೆ ಏರಿಸುತ್ತಿದ್ದಳು.

ಒಳಗೆ ಹೊಕ್ಕ ಕ್ಷಣವನ್ನು ವರ್ಣಿಸುವುದು ಕಷ್ಟ. ಬಾಗಿಲು ಹಿಂದೆ ಮುಚ್ಚಿದೊಡನೆ ಊರು, ಅಲೆ, ಬಿಸಿಲಿನ ವಾಸನೆ ಎಲ್ಲವೂ ಒಮ್ಮೆಲೇ ಇಲ್ಲವಾದವು. ಗೋಡೆಗಳೊಳಗಿಂದ ನೀಲಿ ಬೆಳಕು ಬರುತ್ತಿತ್ತು. ಅದು ನಿಧಾನವಾಗಿ ನೇರಳೆಯಾಗಿ, ಮತ್ತೆ ನೀಲಿಯಾಗಿ ಉಸಿರಾಡುತ್ತಿತ್ತು. ನಮ್ಮ ಉಸಿರು ಹೊಗೆಯಾಗಿ ಮುಂದೆ ನಡೆಯುತ್ತಿತ್ತು. ಹಿಮದ ಮೇಜಿನ ಬಳಿ ನಾಲ್ಕಾರು ಯುವಕ ಯುವತಿಯರು ಹಿಮದ ಲೋಟಗಳನ್ನು ಹಿಡಿದು ನಿಂತಿದ್ದರು. ಮೂಲೆಯಲ್ಲಿ ಹಾರುವ ಮೀನೊಂದನ್ನು ಕೆತ್ತಿದ್ದರು. ಅವ್ವ ಅದರ ಕಡೆ ನೋಡಲಿಲ್ಲ. ಏನನ್ನೂ ಕೆತ್ತಿರದ ಹಿಂದಿನ ಗೋಡೆಯ ಮುಂದೆ ಹೋಗಿ ನಿಂತಳು. ಅಲ್ಲಿ ಹಿಮದೊಳಗೆ ಗಾಳಿಯ ಗುಳ್ಳೆಗಳು ಸಿಕ್ಕಿಕೊಂಡು ಮೇಲಕ್ಕೇರುತ್ತಿರುವಂತೆ ತೋರುತ್ತಿದ್ದವು. ಆಮೇಲೆ ಬಾಗಿ, ಬಾಗಿಲಲ್ಲಿ ತೊಡಿಸಿದ್ದ ಬೂಟುಗಳನ್ನು ಕಳಚತೊಡಗಿದಳು.

"ಅಜ್ಜಿ, ಅಜ್ಜಿ! ಬೂಟ್ ತೆಗೀಬ್ಯಾಡ್ರಿ!" ಕುಷ್ಟಗಿಯ ಹೆಂಗಸು ಓಡಿ ಬಂದಳು. "ಕಾಲು ಸೆಟದು ಹೊಕ್ಕಾವು. ಮ್ಯಾನೇಜರ್ ನೋಡಿದ್ರ ನನಗ ಬೈತಾನ."

"ದೇವರ ಮುಂದ ಕೆರಾ ಹಾಕ್ಕೊಂಡು ನಿಂದ್ರಂಗಿಲ್ಲವ್ವ."

"ಇಲ್ಲಿ ಎಲ್ಲಿ ದೇವ್ರು ಐತ್ರಿ?"

ಅವ್ವ ಹರಕೆಯನ್ನು ಒಂದೇ ಮಾತಿನಲ್ಲಿ ಹೇಳಿದಳು. ನನ್ನ ಕಡೆ ಕೈ ತೋರಿಸಿ, "ಇವನ ಸಲುವಾಗಿ," ಎಂದಳು. ನಾನು ಅವಳ ತೋಳು ಹಿಡಿದೆ. ಅವಳ ಎದೆ ಈ ನೆಲದ ಥಂಡಿಯನ್ನು ತಡೆಯದೆಂದು ನನಗೆ ಗೊತ್ತಿತ್ತು. ಹೊರಗೆ ಎಳೆದೊಯ್ದರೆ ಅವಳು ಇನ್ನೆಂದೂ ಮಲಗಲಾರಳೆಂಬುದೂ ಗೊತ್ತಿತ್ತು. ಎರಡರ ನಡುವೆ ನಾನು ತೋಳು ಹಿಡಿದೇ ನಿಂತಿದ್ದೆ.

ಹೆಂಗಸು ಒಂದು ಗಳಿಗೆ ನಮ್ಮಿಬ್ಬರನ್ನೂ ನೋಡಿ, ಬಾಗಿಲಾಚೆ ಹೋಗಿ ಕರಿ ಕಂಬಳಿಯೊಂದನ್ನು ತಂದಳು. ಊರಿನಿಂದ ತಂದದ್ದಂತೆ, ಒಳಗಿನ ಪಾಳಿ ಮುಗಿದ ಮೇಲೆ ಹೊದ್ದು ಕೂರುವುದು. ಅದನ್ನು ನಾಲ್ಕು ಮಡಿಕೆ ಮಾಡಿ ಹಿಮದ ನೆಲದ ಮೇಲೆ ಹಾಸಿದಳು.

"ಕಂಬಳಿ ಮ್ಯಾಗ ನಿಂದ್ರಿ. ಉಣ್ಣಿಗೆ ಮೈಲಿಗಿ ಇಲ್ಲ. ನಮ್ಮ ಮನ್ಯಾಗ ಪೂಜಿಗೆ ಇದನ್ನ ಹಾಸ್ತೀವಿ."

ಅವ್ವ ಅವಳನ್ನೇ ನೋಡಿದಳು. "ನಮ್ಮನ್ಯಾಗೂ," ಎಂದು ಬೂಟು ಬಿಟ್ಟು ಕಂಬಳಿಯ ಮೇಲೆ ಹತ್ತಿದಳು. ಬರ್ಫದಲ್ಲಿ ಬರಿಗಾಲು, ಮಾತು ತಪ್ಪಲಿಲ್ಲ.

ಕರಡಿಗೆ ಬಿಚ್ಚಿ ಲಿಂಗವನ್ನು ಎಡಗೈಯ ಮೇಲಿಟ್ಟುಕೊಂಡಳು. ಬಲಗೈಯಿಂದ ಗೋಡೆಯನ್ನು ಸವರಿ, ಬೆರಳಿಗೆ ಬಂದ ಹನಿಯನ್ನು ಅದರ ಮೇಲೆ ಬಿಟ್ಟಳು. ಬಾರಿನ ಸಂಗೀತ ನಡೆಯುತ್ತಲೇ ಇತ್ತು, ಆದರೆ ಮೇಜಿನ ಬಳಿಯ ಮಾತು ನಿಂತಿತ್ತು. ಯುವಕರಲ್ಲೊಬ್ಬ ಕೈಯಲ್ಲಿದ್ದ ಲೋಟವನ್ನು ಸದ್ದಾಗದಂತೆ ಕೆಳಗಿಟ್ಟ. ನಾನು ಹೆಂಡತಿಯೊಡನೆ ಹಿಮದ ಮೇಜಿಗೆ ಒರಗಿ, ಬೂಟು ನಿಲುವಂಗಿಗಳೊಳಗೆ ಹುದುಗಿ, ಉಷ್ಣತೆಯ ಅಂಕಿಗಳು ಕೆಂಪಾಗಿ ಮಿನುಗುತ್ತಿದ್ದ ಫಲಕವನ್ನು ನೋಡುತ್ತ ನಿಂತಿದ್ದೆ. ಅವ್ವ ಒಮ್ಮೆ ತಿರುಗಿ ನನಗೇನೋ ಹೇಳಿದಳು; ಸಂಗೀತದಲ್ಲಿ ಕೇಳಲಿಲ್ಲ. ಬೆಳಕು ನೀಲಿಯಿಂದ ನೇರಳೆಗೆ ಹೊರಳಿತು. ಅವಳ ಬೆನ್ನು, ಬಿಳಿಯ ತುರುಬು, ಅದರಾಚೆಗೆ ತಳವೇ ಇಲ್ಲದಂತಿದ್ದ ಆ ಹಿಮ. ಒಂದು ಕ್ಷಣ ಗೋಡೆ ಇಲ್ಲವೆಂದೂ, ಅವಳ ಮುಂದೆ ಕಣಿವೆ ತೆರೆದಿದೆಯೆಂದೂ ನನಗನ್ನಿಸಿತು. ಆಮೇಲೆ ಅವಳು ಲಿಂಗವನ್ನು ಕಣ್ಣಿಗೊತ್ತಿಕೊಂಡು ಕರಡಿಗೆ ಮುಚ್ಚಿದಳು.

ಹೊರಗೆ ಬಂದು ಚಹ ಕುಡಿಯುತ್ತ, "ಆತು ನೋಡು. ಇನ್ನ ಅವಂದು ನಮ್ಮ ಮ್ಯಾಗ ಏನೂ ಇಲ್ಲ," ಎಂದಳು. ಕುಷ್ಟಗಿಯ ಹೆಂಗಸು ಕಂಬಳಿ ಕೊಡವಿ ಮಡಚುತ್ತಿದ್ದಳು. ಅವ್ವ ಅವಳ ತಲೆ ಸವರಿ, "ಚಲೋ ಆಗ್ಲವ್ವ," ಎಂದಳು. ಆ ರಾತ್ರಿ ವಸತಿಗೃಹದಲ್ಲಿ ಅವಳು ಬೆಳಗಿನವರೆಗೆ ಮಗುವಿನಂತೆ ನಿದ್ರಿಸಿದಳು.

ಊರಿಗೆ ಬಂದ ಮೇಲೆ ಸುದ್ದಿ ಓಣಿಯಲ್ಲಿ ಹಬ್ಬಿತು. ಎದುರು ಮನೆಯಾಕೆ ಕಟ್ಟೆಯ ಮೇಲೆ ಕೂತು ಕೆಣಕಿದಳು, "ಬಾರಿಗೆ ಹೋಗಿ ಹರಕಿ ತೀರಿಸಿ ಬಂದಿಯಂತಲ್ಲ ಯಕ್ಕಾ?"

"ಹೂಂ. ನಿನ್ನ ಗಂಡ ದಿನಾ ಹೊಕ್ಕಾನ, ಒಂದ ದಿನನರ ಕೈ ಮುಗದಾನೇನು?" ಎಂದಳು ಅವ್ವ. ಓಣಿ ಸಂಜೆಯವರೆಗೆ ನಕ್ಕಿತು.

ಅನಂತರ ಅವಳು ಬದುಕಿದ್ದ ವರ್ಷಗಳಲ್ಲಿ ಒಮ್ಮೆಯೂ ಎದ್ದು ಬಂದು ನನ್ನ ಹಣೆ ಮುಟ್ಟಲಿಲ್ಲ.

ಇಷ್ಟು ಬರೆದು ಹೆಂಡತಿಗೆ ಓದಲು ಕೊಟ್ಟೆ. ಅವಳು ಓದುತ್ತ ಓದುತ್ತ ಒಂದು ಕಡೆ ಓದು ನಿಲ್ಲಿಸಿ, "ನೀವು ಬೂಟ್ ಹಾಕ್ಕೊಂಡು ನಿಂತಿದ್ರೇನು?" ಎಂದು ಕೇಳಿದಳು. ಹೌದೆಂದೆ. ಅವಳು ಎದ್ದು ಹೋಗಿ, ಟ್ರಂಕಿನಲ್ಲಿ ಸೀರೆಗಳ ಕೆಳಗಿಂದ ರಟ್ಟಿನ ಚೌಕಟ್ಟಿನ ಒಂದು ಛಾಯಾಚಿತ್ರವನ್ನು ತಂದು ಮೇಜಿನ ಮೇಲಿಟ್ಟಳು. ಆ ಹಿಮದ ಕೋಣೆಯಲ್ಲಿ ಬಂದವರ ಚಿತ್ರ ತೆಗೆದು ಬಾಗಿಲಲ್ಲಿ ಮಾರುತ್ತಿದ್ದರಂತೆ, ಅವಳು ಕೊಂಡಿದ್ದಳಂತೆ. ನಾನು ಇದನ್ನು ಹಿಂದೆ ಕಂಡಿಲ್ಲ.

ಚಿತ್ರದಲ್ಲಿ ಹಿಮದ ಮೇಜಿನ ಬಳಿ ಹೆಂಡತಿ ಒಬ್ಬಳೇ ಇದ್ದಾಳೆ. ಗೋಡೆಯ ಮುಂದೆ ಕಂಬಳಿಯ ಮೇಲೆ ಇಬ್ಬರು. ಅವ್ವನ ಎಡಗೈಯಲ್ಲಿ ಲಿಂಗ. ಬಲಗೈ ನನ್ನ ಮಣಿಕಟ್ಟನ್ನು ಹಿಡಿದಿದೆ. ನಾನು ತಲೆ ಬಾಗಿಸಿ ಕಣ್ಣು ಮುಚ್ಚಿದ್ದೇನೆ. ಕಂಬಳಿಯ ಪಕ್ಕದಲ್ಲಿ ಎರಡು ಜೊತೆ ಬೂಟುಗಳಿವೆ. ನನ್ನ ಕಾಲುಗಳು ಬರಿದಾಗಿವೆ. ಕಂಬಳಿ ಇಬ್ಬರಿಗೆ ಸಾಲದೆ ನನ್ನ ಒಂದು ಹಿಮ್ಮಡಿ ಹಿಮದ ಮೇಲಿದೆ.

ಮೇಲೆ ಬರೆದುದನ್ನು ನಾನು ತಿದ್ದಿಲ್ಲ. ಭಿನ್ನಪಾಠವನ್ನು ಕೆಳಗೆ ನಮೂದಿಸುವುದು ಶಾಸನ ಓದುವವರಾದ ನಮ್ಮ ಪದ್ಧತಿ. ಆ ಥಂಡಿ ಕಾಲಿಗೆ ತಾಗಿದ ನೆನಪು ನನಗೆ ಎಷ್ಟು ಹುಡುಕಿದರೂ ಸಿಗುತ್ತಿಲ್ಲ. ಚಿತ್ರದ ಅಂಚಿನಲ್ಲಿ ಯಂತ್ರ ಅಚ್ಚೊತ್ತಿದ ದಿನಾಂಕ ೨೭-೧೨-೨೦೧೩. ಅದು ಮಾತ್ರ ನನ್ನ ಬರಹದೊಡನೆ ಹೊಂದುತ್ತದೆ.